ಮೊಮ್ಮಗಳ ಬಾಯಿ

ಸೀಟು ಸಿಕ್ಕಿತೆಂಬ ಸುದ್ದಿ ಬಂದದ್ದು ಗುರುವಾರ ಸಂಜೆ. ಅದಕ್ಕೆ ಎಷ್ಟು ಹಣ ಕಟ್ಟಬೇಕೆಂದು ಓದಿ ನೋಡಿದ್ದು ಶುಕ್ರವಾರ ಊಟದ ಹೊತ್ತಿಗೆ. ನಡುವಿನ ಆ ಒಂದು ದಿನ ಫುರ್ತಾದೊ ಮನೆಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹದಿನೇಳು ವರ್ಷದ ಮಾರಿಸಾಗೆ ಸೀಟು ಸಿಕ್ಕಿದ್ದು ಅಂತಿಂಥ ಕಾಲೇಜಿನಲ್ಲಲ್ಲ. ನೂರು ಮಂದಿ ಅರ್ಜಿ ಹಾಕಿದರೆ ನಾಲ್ವರನ್ನು ಒಳಗೆ ಬಿಟ್ಟುಕೊಳ್ಳುವ ಖಾಸಗಿ ವಿಶ್ವವಿದ್ಯಾಲಯ ಅದು. ಅಮೆರಿಕದ ಫಾಲ್ ರಿವರ್ ಊರಿನ ಅವಳ ಶಾಲೆಯಿಂದ ಅಲ್ಲಿಗೆ ಹೋದವರನ್ನು ಈಗಿನ ಮೇಷ್ಟ್ರುಗಳು ಯಾರೂ ಕಂಡಿರಲಿಲ್ಲ. ತಾಯಿ ಇಡಾಲಿನಾ ಮರುದಿನ ಬೆಳಗ್ಗೆ ಮೀನಿನ ಕಾರ್ಖಾನೆಯಲ್ಲಿ ತನ್ನ ಸಾಲಿನಲ್ಲಿ ನಿಂತು ಮೀನು ಸೀಳುವ ಹದಿನಾಲ್ಕು ಹೆಂಗಸರಿಗೂ ಒಬ್ಬೊಬ್ಬರಿಗೇ ಹೇಳಿದಳು. ನೆಲ ಅಂತಸ್ತಿನಲ್ಲಿರುವ ಅವಳ ಅಣ್ಣ ಟಿಬೇರಿಯೊ ಬೇಕರಿಯಿಂದ ಒಂದು ಡಬ್ಬಿ ಸಿಹಿ ತಂದು ಮೇಜಿನ ಮೇಲಿಟ್ಟ. ಎಂಬತ್ತೊಂದರ ಅಜ್ಜಿ ದಿಯೊಲಿಂದಾ ಮಾತ್ರ ಮುಖ್ಯವಾದ್ದನ್ನು ಕೇಳಿದಳು.

"ಅಲ್ಲಿ ಊಟ ಚೆನ್ನಾಗಿ ಹಾಕ್ತಾರಂತಾ?"

"ಹಾಕ್ತಾರಂತೆ ಅಜ್ಜಿ. ಎಷ್ಟು ಬೇಕಾದ್ರೂ ಬಡಿಸ್ಕೊಬೋದಂತೆ."

"ಹಂಗಿದ್ರೆ ಹೋಗು."

ಶುಕ್ರವಾರ ಉಪ್ಪುಮೀನು ಮತ್ತು ಬೇಯಿಸಿದ ಆಲೂಗಡ್ಡೆ. ಈಸ್ಟರಿಗೆ ಮುಂಚಿನ ವ್ರತದ ದಿನಗಳು, ಆ ಮನೆಯಲ್ಲಿ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಮಾರಿಸಾ ತಟ್ಟೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು, ಉಣ್ಣುತ್ತಿರಲಿಲ್ಲ.

"ಓದೇ, ಏನು ಬರೆದಿದಾರೆ?" ಅಂದಳು ಇಡಾಲಿನಾ.

"ವರ್ಷಕ್ಕೆ ಒಟ್ಟು ಖರ್ಚು ತೊಂಬತ್ತೊಂದು ಸಾವಿರ ಡಾಲರ್."

"ಈ ಇಡೀ ಮನೆಗೆ ಇಪ್ಪತ್ತಮೂರು ಸಾವಿರ ಕೊಟ್ಟಿದ್ದೆ ನಾನು," ಅಂದಳು ಅಜ್ಜಿ. "ಮೂರಂತಸ್ತು. ಅಂಗಳ ಬೇರೆ."

"ಅವರು ಕೊಡೋ ಸಹಾಯಧನ ನಲವತ್ತಾರು ಸಾವಿರ. ನಾನು ಅಲ್ಲೇ ಲೈಬ್ರರೀಲೋ ಎಲ್ಲೋ ಕೆಲಸ ಮಾಡಿ ಮೂರು ಸಾವಿರ ದುಡೀಬೇಕು. ಉಳಿದಿದ್ದು ನಲವತ್ತೆರಡು ಸಾವಿರ. ಅದು ಮನೆಯವರು ಕೊಡತಕ್ಕದ್ದು ಅಂತ ಹಾಕಿದಾರೆ."

ಇಡಾಲಿನಾ ಬಾಯಿಗೆತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದಳು. ಕಾರ್ಖಾನೆಯಲ್ಲಿ ಅವಳ ವರ್ಷದ ಗಳಿಕೆ ಮೂವತ್ತೊಂಬತ್ತು ಸಾವಿರ. "ನನ್ನ ಸಂಬಳ ಪೂರ್ತಿ ಅವರಿಗೆ ಕೊಟ್ಟು, ನಾವು ಮೂರೂ ಜನ ಗಾಳಿ ತಿಂದ್ಕೊಂಡಿದ್ರೂ ಇನ್ನೂ ಮೂರು ಸಾವಿರ ಸಾಲದು. ಕಮ್ಮಿ ಸಂಬಳದವರಿಗೆ ಪೂರ್ತಿ ಮಾಫಿ ಅಂದಿದ್ರಲ್ಲ ನಿಮ್ಮ ಟೀಚರ್?"

"ಸಂಬಳದ ಜೊತೆ ಆಸ್ತಿನೂ ಕಮ್ಮಿ ಇದ್ರೆ. ನಮಗೆ ಆಸ್ತಿ ಇದೆಯಲ್ಲ ಅಮ್ಮ."

"ನಮಗೆಲ್ಲಿಂದ ಬಂತೇ ಆಸ್ತಿ?"

ಮಾರಿಸಾ ಕೈಯಲ್ಲಿದ್ದ ಫೋರ್ಕಿನಿಂದ ಒಮ್ಮೆ ಸೂರನ್ನೂ ಒಮ್ಮೆ ನೆಲವನ್ನೂ ತೋರಿಸಿದಳು. "ಇದು. ಐದು ಲಕ್ಷ ಇಪ್ಪತ್ತು ಸಾವಿರದ ಮನೆ. ನಿನ್ನ ಹೆಸರಲ್ಲಿದೆ."

ನಿಜ, ಮನೆ ಇಡಾಲಿನಾಳ ಹೆಸರಿನಲ್ಲಿತ್ತು. ಅವಳ ಮನೆಯಾಗಿರಲಿಲ್ಲ, ಅಷ್ಟೆ. ಆ ಓಣಿಯಲ್ಲಿ, ಸಮುದ್ರದಾಚೆಯ ಅಸೋರಿಸ್ ದ್ವೀಪಗಳಿಂದ ಬಂದು ನೆಲೆಸಿದವರ ಎಷ್ಟೋ ಮನೆಗಳ ಕಥೆ ಇದೇ. ಮುದುಕರಿಗೆ ಕೈಲಾಗದೆ ವೃದ್ಧಾಶ್ರಮ ಸೇರಿದರೆ ತಿಂಗಳಿಗೆ ಹದಿನಾಲ್ಕು ಸಾವಿರ. ಏನೂ ಇಲ್ಲದವರ ಖರ್ಚನ್ನು ಸರಕಾರ ನೋಡಿಕೊಳ್ಳುತ್ತದೆ. ಮನೆಯಿದ್ದವರ ಮನೆ ಕರಗಿಹೋಗುತ್ತದೆ. ಅದಕ್ಕೇ ಅಪ್ಪ ಅಮ್ಮ ಗಟ್ಟಿಯಿರುವಾಗಲೇ, ಜೊತೆಯಲ್ಲಿರುವ ಮಗಳ ಹೆಸರಿಗೆ ಮನೆ ಬರೆದುಬಿಡುವುದು. ಬರೆದು ಐದು ವರ್ಷ ಕಳೆದರೆ ಆಶ್ರಮದ ಖರ್ಚಿಗೆಂದು ಸರಕಾರ ಆ ಮನೆಯನ್ನು ಮುಟ್ಟುವಂತಿಲ್ಲ. ಗಂಡುಮಕ್ಕಳ ಪಾಲು ಬಾಯಿಮಾತಿನಲ್ಲಿ. ವಿಮೆ, ವಿಮಾನದ ಟಿಕೆಟ್ಟು, ತೆರಿಗೆ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಮಾಡುವ ಪಾಶೆಕೊ ಎಂಬವನು ಎಲ್ಲರಿಗೂ ಈ ದಾರಿ ಹೇಳಿಕೊಟ್ಟಿದ್ದ. ಮೂರು ವರ್ಷದ ಹಿಂದೆ ದಿಯೊಲಿಂದಾ ಕೂಡ ಅವನೆದುರಿಗೆ ಕೂತು ಸಹಿ ಹಾಕಿ ಬಂದಿದ್ದಳು. ಆಮೇಲೂ ಮೇಲಂತಸ್ತಿನ ಬಾಡಿಗೆ ಅವಳ ಕೈಗೇ ಬರುತ್ತಿತ್ತು, ಮನೆಯ ತೆರಿಗೆಯನ್ನು ಅವಳೇ ಕಟ್ಟುತ್ತಿದ್ದಳು, ಗೋಡೆಗೆ ಮೊಳೆ ಹೊಡೆಯಬೇಕಾದರೂ ಅವಳನ್ನೇ ಕೇಳಬೇಕಾಗಿತ್ತು. ಕಾಲೇಜಿನ ಅರ್ಜಿಯಲ್ಲಿ "ನಿಮ್ಮ ಹೆಸರಿನಲ್ಲಿರುವ ಮನೆ, ಜಮೀನು" ಎಂದು ಕೇಳಿದಾಗ ಇಡಾಲಿನಾ ಕಾಗದದಲ್ಲಿದ್ದದ್ದನ್ನೇ ಬರೆದಳು. ಸುಳ್ಳು ಬರೆಯಬಾರದೆಂದು ಬರೆದದ್ದೇ ಈಗ ಕುತ್ತಿಗೆಗೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇಂಥದ್ದಕ್ಕೇ.

"ಅವರನ್ನ ಇನ್ನೊಂದ್ಸಲ ಕೇಳ್ಬೋದಂತೆ," ಅಂದಳು ಮಾರಿಸಾ. "ಏಪ್ರಿಲ್ ಇಪ್ಪತ್ತರೊಳಗೆ. ಪರಿಸ್ಥಿತಿ ವಿವರಿಸಿ ಬರೀಬೇಕು."

"ಬರಿ ಮತ್ತೆ! ಮನೆ ಅಜ್ಜಿದು ಅಂತ ಬರಿ."

ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು. "ಬೇಡ ಅಮ್ಮ. ಇಲ್ಲೇ ಸರಕಾರಿ ಕಾಲೇಜಿದೆ. ಬಸ್ಸಲ್ಲಿ ಇಪ್ಪತ್ತೈದು ನಿಮಿಷ. ಸಂಜೆ ಮನೆಗೆ ಬರ್ಬೋದು."

ಇಡಾಲಿನಾ ಮಗಳ ಮುಖವನ್ನೇ ನೋಡಿದಳು. ನಿನ್ನೆ ಸಂಜೆ ಸುದ್ದಿ ಓದಿ ಅಡುಗೆಮನೆಯಲ್ಲಿ ಕಿರುಚಿ ಕುಣಿದವಳು ಇವಳೇ. ಪಾಪ, ಅಮ್ಮನಿಗೆ ಭಾರವಾಗಬಾರದೆಂದು ಹೀಗನ್ನುತ್ತಿದ್ದಾಳೆ ಅಂದುಕೊಂಡಳು.

ಸೋಮವಾರ ಕೆಲಸ ಮುಗಿದವಳೇ ಮನೆಗೂ ಹೋಗದೆ ಪಾಶೆಕೊನ ಅಂಗಡಿಗೆ ನಡೆದಳು. ಮೈಯೆಲ್ಲ ಮೀನಿನ ವಾಸನೆ. ಪಾಶೆಕೊ ಕುರ್ಚಿಯನ್ನು ತುಸು ಹಿಂದಕ್ಕೆ ಜರುಗಿಸಿ, ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದ.

"ಇಡಾಲಿನಾ, ಐದು ವರ್ಷ ಅಂತ ಹೇಳಿದ್ನೋ ಇಲ್ವೋ ನಾನು?"

"ಹೇಳಿದ್ರಿ."

"ಮೂರು ಕಳೀತು. ಇನ್ನೆರಡು ವರ್ಷ ಉಸಿರು ಬಿಗಿ ಹಿಡ್ಕೊಂಡಿರಿ. ಈ ಮನೆ ನಿಜವಾಗಿ ಅಮ್ಮಂದೇ, ವೃದ್ಧಾಶ್ರಮಕ್ಕೆ ಹೆದರಿ ಹೆಸರು ಬದಲಾಯಿಸಿದ್ವಿ ಅಂತ ಒಂದು ಕಾಗದದಲ್ಲಿ ಬರೆದ್ರೆ ಸಾಕು, ಐದಲ್ಲ, ಐವತ್ತು ವರ್ಷ ಆದ್ರೂ ಆ ಕಾಗದ ಎದ್ದು ಬಂದು ಎದುರಿಗೆ ನಿಲ್ಲತ್ತೆ. ಅಮ್ಮ ಹೇಗಿದಾರೆ?"

"ಗಟ್ಟಿಯಾಗಿದಾರೆ. ನನಗಿಂತ ಗಟ್ಟಿ."

"ಹಂಗೇ ಇರ್ಲಿ. ಹುಡುಗಿನ ಇಲ್ಲೇ ಎಲ್ಲಾದ್ರೂ ಸೇರ್ಸು. ಓದೋರು ಎಲ್ಲಿದ್ರೂ ಓದ್ತಾರೆ."

ಅವನ ಮಗ ಎಂಥ ದುಬಾರಿ ಕಾಲೇಜಿನಲ್ಲಿ ಓದಿದನೆಂದು ಇಡಾಲಿನಾಗೆ ಗೊತ್ತಿತ್ತು. ಬಿಟ್ಟಿ ಸಲಹೆ ಕೊಟ್ಟವನ ಜೊತೆ ಜಗಳವೇನು ಎಂದು ಎದ್ದು ಬಂದಳು.

ಭಾನುವಾರ ಪೂಜೆ ಮುಗಿಸಿ ಎಲ್ಲರೂ ಅಜ್ಜಿಯ ಅಡುಗೆಮನೆಯಲ್ಲಿ ಸೇರಿದರು. ಸೊಪ್ಪು, ಹುರುಳಿಕಾಯಿ ಬೀಜ, ಮಸಾಲೆ ತುಂಬಿದ ಹಂದಿಮಾಂಸದ ತುಂಡುಗಳ ಸಾರು, ಪಕ್ಕದಲ್ಲಿ ಜೋಳದ ರೊಟ್ಟಿ. ಟಿಬೇರಿಯೊ ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದ.

"ಅಮ್ಮ, ಇದೇನು ಸಾರೋ ಸಮುದ್ರವೋ? ಎರಡೆರಡು ಸಲ ಉಪ್ಪು ಹಾಕಿದೀಯ."

"ನಿನ್ನ ನಾಲಗೆ ಕೆಟ್ಟಿದೆ. ಬಾಯಿ ಮುಚ್ಕೊಂಡು ತಿನ್ನು."

ಅವನು ನಕ್ಕು ರೊಟ್ಟಿ ಮುರಿದು ಅದ್ದಿಕೊಂಡ. ಮಾರಿಸಾ ನಗಲಿಲ್ಲ. ಎದ್ದು ಕೆಟಲಿನಿಂದ ಬಿಸಿನೀರು ತಂದು ಎಲ್ಲರ ಬಟ್ಟಲಿಗೂ ಒಂದಿಷ್ಟು ಸುರಿದಳು. ಆಗಲೇ ಇಡಾಲಿನಾ ವಿಷಯ ತೆಗೆದಳು.

"ಅಣ್ಣ, ಕಾಲೇಜಿನವರಿಗೆ ನಿಜ ಬರೆದುಬಿಡೋಣ ಅಂತಿದೀನಿ. ಮನೆ ಅಮ್ಮಂದು ಅಂತ."

ಟಿಬೇರಿಯೊ ರೊಟ್ಟಿ ಕೆಳಗಿಟ್ಟ. ನಗು ಎಲ್ಲಿ ಹೋಯಿತೋ. "ಪಾಶೆಕೊ ಬೇಡ ಅಂದನಲ್ಲ?"

"ಪಾಶೆಕೊಗೆ ಏನು? ಮಗಳು ನಂದು."

"ಮನೇಲಿ ಅರ್ಧ ನಂದು! ಕಾಗದದಲ್ಲಿಲ್ಲ ಅಂತ ಮರೆತುಬಿಟ್ಯಾ? ಇಪ್ಪತ್ತು ವರ್ಷದಿಂದ ಈ ಮನೆಯ ಬಾಯ್ಲರ್ ನಾನು ರಿಪೇರಿ ಮಾಡಿದೀನಿ, ಸೂರು ನಾನು ಹೊದಿಸಿದೀನಿ. ಒಂದು ಕಾಗದ ಬರೆದು ಅದನ್ನೆಲ್ಲ ಗಾಳಿಗೆ ತೂರ್ತೀಯಾ?"

"ಅಮ್ಮ ಚೆನ್ನಾಗಿದಾಳೆ. ವೃದ್ಧಾಶ್ರಮದ ಮಾತು ಯಾಕೆ ಈಗ?"

"ಎಂಬತ್ತೊಂದು ವರ್ಷ ಅವಳಿಗೆ! ನಾಳೆ ಬಿದ್ದು ಸೊಂಟ ಮುರ್ಕೊಂಡ್ರೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಇಡಾ. ನನ್ನ ಮಗ ಪ್ಲಂಬಿಂಗ್ ಕಲೀಲಿಲ್ವಾ? ಕೈ ತುಂಬ ದುಡೀತಿಲ್ವಾ?"

"ನಿನ್ನ ಮಗನಿಗೆ ಓದು ಹತ್ತಲಿಲ್ಲ, ಅದಕ್ಕೆ ಕಲಿತ. ಇವಳಿಗೆ ಹತ್ತಿದೆ. ಹೊಟ್ಟೆಕಿಚ್ಚು ಪಡ್ಬೇಡ!"

"ಹೊಟ್ಟೆಕಿಚ್ಚಾ? ನಾನಾ? ಮೊನ್ನೆ ಸಿಹಿ ತಂದವನು ಯಾರು?"

"ಸಾಕು ನಿಲ್ಸಿ!" ಅಂದಳು ಮಾರಿಸಾ. "ನಾನೇ ಹೋಗಲ್ಲ ಅಂದೆನಲ್ಲ. ಮಾವ ಹೇಳೋದು ಸರಿ. ಯಾರೂ ಏನೂ ಬರೀಬೇಡಿ."

ಆಗ ದಿಯೊಲಿಂದಾ ಕೈಯಲ್ಲಿದ್ದ ಸೌಟಿನಿಂದ ಮೇಜಿನ ಮೇಲೆ ಒಂದು ಪೆಟ್ಟು ಕೊಟ್ಟಳು. "ನಾನಿನ್ನೂ ಸತ್ತಿಲ್ಲ. ನನ್ನ ಮನೆಯನ್ನ ನನ್ನೆದುರಿಗೇ ಹಂಚ್ಕೋತಾ ಕೂತಿದೀರಿ, ನಾಚಿಕೆ ಆಗಲ್ವಾ? ಆ ಕಾಲೇಜಿನವರ ಜೊತೆ ನಾನು ಮಾತಾಡ್ತೀನಿ."

"ನೀನಾ? ಯಾವ ಭಾಷೇಲಿ?" ಅಂದ ಟಿಬೇರಿಯೊ.

"ನನ್ನ ಭಾಷೇಲಿ. ಇವಳು ಹೇಳ್ತಾಳೆ ಅವರಿಗೆ. ಇವಳಿದಾಳಲ್ಲ ನನ್ನ ಬಾಯಿ."

ಅದು ಆ ಮನೆಯ ರೂಢಿ. ದಿಯೊಲಿಂದಾ ಐವತ್ತು ವರ್ಷದಿಂದ ಅಮೆರಿಕದಲ್ಲಿದ್ದರೂ ಪರದೆ ಹೊಲಿಯುವ ಕಾರ್ಖಾನೆ, ಚರ್ಚು, ಅಂಗಡಿ, ಎಲ್ಲೆಡೆ ತಮ್ಮವರೇ ಇದ್ದುದರಿಂದ ಇಂಗ್ಲಿಷು ಅವಳಿಗೆ ಬೇಕಾಗಿಯೇ ಇರಲಿಲ್ಲ. ಬೇಕಾದಲ್ಲಿಗೆ ಮೊಮ್ಮಗಳು ಹೋಗುತ್ತಿದ್ದಳು. ಏಳನೆಯ ವಯಸ್ಸಿನಿಂದ ಬ್ಯಾಂಕಿಗೆ, ನೀರಿನ ಕಚೇರಿಗೆ, ಆಸ್ಪತ್ರೆಗೆ. ಆಸ್ಪತ್ರೆಯವರು ಫೋನಿನಲ್ಲಿ ದುಭಾಷಿಯನ್ನು ಕೊಡುತ್ತೇವೆ ಅಂದರೂ ಅಜ್ಜಿ ಒಪ್ಪುತ್ತಿರಲಿಲ್ಲ. ಮುಖ ಕಾಣದವರಿಗೆ ನನ್ನ ಹೊಟ್ಟೆಯ ವಿಷಯ ಯಾಕೆ ಹೇಳಲಿ ಅನ್ನುತ್ತಿದ್ದಳು. ಇಡಾಲಿನಾ ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಮಗುವನ್ನು ಕಳಿಸಿದರೆ ಏನೂ ಹೋಗುತ್ತಿರಲಿಲ್ಲ.

ಬುಧವಾರ ಮೂರೂವರೆಗೆ ಕಾಲೇಜಿನ ಸಹಾಯಧನ ಕಚೇರಿಯ ಹೆಂಗಸಿನೊಡನೆ ವಿಡಿಯೊದಲ್ಲಿ ಮಾತಾಡುವುದೆಂದು ನಿಗದಿಯಾಯಿತು. ಮಾರಿಸಾ ಮೂರು ದಿನ ಬೇಡ ಬೇಡವೆಂದು ಕಾಡಿ, ಕೊನೆಗೆ ಅಜ್ಜಿಯ ಹಟಕ್ಕೆ ಮಣಿದಿದ್ದಳು. ದಿಯೊಲಿಂದಾ ಚರ್ಚಿಗೆ ಉಡುವ ಕಪ್ಪು ಉಡುಪು ತೊಟ್ಟು, ಕಿವಿಗೆ ಚಿನ್ನದ ಓಲೆ ಹಾಕಿ, ಅಡುಗೆಮನೆಯ ಮೇಜಿನೆದುರು ನೆಟ್ಟಗೆ ಕೂತಳು. ಲ್ಯಾಪ್‌ಟಾಪಿನ ಪರದೆಯಲ್ಲಿ ನರೆಗೂದಲಿನ ಒಬ್ಬ ಹೆಂಗಸು ಮೂಡಿದಳು. ಹೆಸರು ಮಿಸ್ ಹಾಲೊವೆಲ್. ಮರ್ಯಾದಸ್ಥೆ. ಅಜ್ಜಿಯನ್ನು ಕಂಡು ಸಂತೋಷವಾಯಿತೆಂದಳು, ದುಭಾಷಿ ಬೇಕೇ ಎಂದು ಕೇಳಿದಳು, ಬೇಡವೆಂದ ಮೇಲೆ ಪೆನ್ನು ಹಿಡಿದು ಕಾದಳು. ಇಡಾಲಿನಾ ಒಲೆಯ ಹತ್ತಿರ ನಿಂತು ಕೇಳುತ್ತಿದ್ದಳು. ಆಡಲು ಕಷ್ಟವಾದರೂ ಇಂಗ್ಲಿಷು ಅವಳಿಗೆ ತಿಳಿಯುತ್ತಿತ್ತು.

"ಹೇಳು ಅವಳಿಗೆ," ಅಂದಳು ಅಜ್ಜಿ. "ಈ ಮನೆ ನಂದು. ನಾನೂ ನನ್ನ ಗಂಡನೂ ಕೊಂಡಿದ್ದು. ಇಪ್ಪತ್ತೊಂಬತ್ತು ವರ್ಷ ಪರದೆ ಹೊಲಿದೆ, ಒಂದಕ್ಕೆ ಹನ್ನೊಂದು ಸೆಂಟು. ಮಗಳ ಹೆಸರಿಗೆ ಬರೆದಿದ್ದು ಕಾಗದದಲ್ಲಿ ಮಾತ್ರ. ಇವಳದ್ದು ಈ ಮನೇಲಿ ಒಂದು ಮೊಳೆನೂ ಇಲ್ಲ. ಬಾಡಿಗೆ ಬರೋದು ನನ್ನ ಕೈಗೆ. ವೃದ್ಧಾಶ್ರಮಕ್ಕೆ ಮನೆ ಹೋಗತ್ತೆ ಅಂತ ಹೆದರಿ ಹೀಗೆ ಮಾಡಿದ್ವಿ. ತಪ್ಪಾಗಿದ್ರೆ ತಪ್ಪು ನಂದು. ನನ್ನ ತಪ್ಪಿಗೆ ಹುಡುಗಿನ ತಡೀಬೇಡಿ. ಬರ್ಕೋ ಅಂತ ಹೇಳು."

ಮಾರಿಸಾ ತುಟಿ ಒದ್ದೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: "ಅಜ್ಜಿ ನಿಮಗೆ ಥ್ಯಾಂಕ್ಸ್ ಹೇಳ್ತಿದಾರೆ. ಅಜ್ಜಿ ತಾತ ಸೇರಿ ಮನೆ ಕೊಂಡಿದ್ರಂತೆ, ಆಮೇಲೆ ಅಮ್ಮನಿಗೆ ಕೊಟ್ಟುಬಿಟ್ರಂತೆ. ಅಮ್ಮ ತುಂಬ ಕಷ್ಟಪಡ್ತಾಳೆ, ಅದನ್ನ ನೋಡಿ ಏನಾದ್ರೂ ಮಾಡೋಕಾದ್ರೆ ಮಾಡಿ ಅಂತಿದಾರೆ."

"ಅಂದ್ರೆ ಈಗ ಮನೆ ಪೂರ್ತಿ ನಿಮ್ಮ ತಾಯಿಯವರದೇ? ಬಾಡಿಗೆ ಕೂಡ?"

"ಹೌದು ಮೇಡಂ."

"ಎಲ್ಲ ಹೇಳಿದ್ಯಾ?" ಅಂದಳು ಅಜ್ಜಿ.

"ಎಲ್ಲ ಹೇಳ್ದೆ ಅಜ್ಜಿ."

ಅಜ್ಜಿ ತೃಪ್ತಿಯಿಂದ ತಲೆಯಾಡಿಸಿದಳು. ಪರದೆಯಲ್ಲಿದ್ದ ಹೆಂಗಸು ಏನನ್ನೋ ಬರೆದುಕೊಂಡು ತಲೆಯೆತ್ತಿ, "ತಾಯಿಯವರು ಏನಾದರೂ ಸೇರಿಸಬೇಕೇ?" ಅಂದಳು.

ಇಡಾಲಿನಾ ಒಲೆಯ ಬಳಿಯಿಂದ ಮೇಜಿನ ಹತ್ತಿರಕ್ಕೆ ಬಂದಳು. ಸುಮ್ಮನಿದ್ದರೆ ಮನೆ ಉಳಿಯುತ್ತದೆ, ಅಣ್ಣ ಬರುತ್ತಾನೆ ಹೋಗುತ್ತಾನೆ, ಹುಡುಗಿ ಬಸ್ಸಿನಲ್ಲಿ ಸರಕಾರಿ ಕಾಲೇಜಿಗೆ ಹೋಗಿ ಬರುತ್ತಾಳೆ. ಬೆಳಗ್ಗೆ ಮೀನು ಸೀಳುವಾಗಲೂ ಅವಳಿಗೆ ಇದೇ ಯೋಚನೆ. ಯಾರಾದರೂ ತನ್ನನ್ನು ತಡೆದರೆ ಸಾಕು ಅನ್ನಿಸಿದ್ದೂ ಉಂಟು. ಆದರೆ ಅಮ್ಮ ಓಲೆ ಹಾಕಿಕೊಂಡು ಕೂತಿದ್ದಳು. ತಾನು ಹೇಳಿದ್ದು ಹೇಳಿದ ಹಾಗೇ ಆಚೆ ಮುಟ್ಟಿತೆಂದು ನಂಬಿ ಕೂತಿದ್ದಳು. ಅದನ್ನು ನೋಡಿಕೊಂಡಿರಲು ಇಡಾಲಿನಾಳಿಂದ ಆಗಲಿಲ್ಲ.

"ಮೇಡಂ, ಇಲ್ಲ," ಅಂದಳು, ತನ್ನ ಹರಕು ಇಂಗ್ಲಿಷಿನಲ್ಲಿ. "ಅಮ್ಮ ಹಾಗೆ ಹೇಳಿಲ್ಲ. ಮನೆ, ಅಮ್ಮನ. ಬಾಡಿಗೆ, ಅಮ್ಮನ. ನನ್ನ ಹೆಸರು ಕಾಗದ ಮಾತ್ರ."

"ಅಮ್ಮಾ, ಬೇಡ!" ಮಾರಿಸಾ ಮನೆಮಾತಿನಲ್ಲಿ ಕೂಗಿ ಲ್ಯಾಪ್‌ಟಾಪಿಗೆ ಕೈ ಹಾಕಿದಳು. ಇಡಾಲಿನಾ ಆ ಕೈಯನ್ನು ಹಿಡಿದುಕೊಂಡಳು. ಮೂವತ್ತು ವರ್ಷ ಚಾಕು ಹಿಡಿದ ಕೈ, ಹುಡುಗಿಗೆ ಬಿಡಿಸಿಕೊಳ್ಳಲಾಗಲಿಲ್ಲ.

"ವೃದ್ಧಾಶ್ರಮ, ಭಯ. ಅದಕ್ಕೆ ಹೆಸರು ಬದಲು. ಅಮ್ಮ ಹೇಳೋದು, ತಪ್ಪು ನಂದು, ಹುಡುಗಿ ತಡೀಬೇಡ. ಮಗಳು ಹೇಳಿಲ್ಲ. ನಾನು ಹೇಳ್ತೀನಿ."

ಮಿಸ್ ಹಾಲೊವೆಲ್ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ, ಇದನ್ನೆಲ್ಲ ಬರವಣಿಗೆಯಲ್ಲಿ ಕೊಡಿ, ಅಜ್ಜಿಯ ಸಹಿ ಇರಲಿ, ತೆರಿಗೆ ಯಾರು ಕಟ್ಟಿದ್ದಾರೋ ಆ ರಸೀದಿಗಳಿರಲಿ, ಭರವಸೆ ಕೊಡಲಾರೆ, ಆದರೆ ಓದುತ್ತೇವೆ ಅಂದಳು. ಪರದೆ ಕಪ್ಪಾಯಿತು.

ಅಜ್ಜಿ ಮಗಳಿಂದ ಮೊಮ್ಮಗಳಿಗೆ, ಮೊಮ್ಮಗಳಿಂದ ಮಗಳಿಗೆ ನೋಡಿದಳು. "ಏನದು? ಏನು ಹೇಳಿಲ್ಲ ಇವಳು?"

"ನೀನು ಹೇಳಿದ್ದು ಏನೂ ಹೇಳಿಲ್ಲ ಅಮ್ಮ. ಮನೆ ಈಗ ನಿಂದಲ್ಲ, ನಂದು ಅಂದಳು."

"ಯಾಕೆ?" ದಿಯೊಲಿಂದಾಳ ಧ್ವನಿ ಏರಲಿಲ್ಲ. "ನೀನು ನನ್ನ ಬಾಯಿ ಅಂದ್ಕೊಂಡಿದ್ದೆ. ಹತ್ತು ವರ್ಷದಿಂದ ಅಂದ್ಕೊಂಡಿದೀನಿ. ಬ್ಯಾಂಕಿನಲ್ಲಿ ನಾನು ಹೇಳಿದ್ದು ಹೇಳ್ತಿದ್ಯೋ, ನಿಂಗೆ ಬೇಕಾಗಿದ್ದು ಹೇಳ್ತಿದ್ಯೋ? ಆಸ್ಪತ್ರೇಲಿ?"

ಮಾರಿಸಾ ಬಿಳಚಿಕೊಂಡಳು. ಅಲ್ಲಿಯವರೆಗೆ ಸಿಟ್ಟಿನಲ್ಲಿದ್ದ ಇಡಾಲಿನಾ ಆ ಮುಖ ಕಂಡು ಹಿಡಿದಿದ್ದ ಕೈ ಬಿಟ್ಟಳು.

"ಆಸ್ಪತ್ರೇಲಿ ಏನು ಹೇಳಿದ್ರೇ?"

"ಎರಡು ವರ್ಷದ ಹಿಂದೆ," ಅಂದಳು ಹುಡುಗಿ. "ಅಜ್ಜಿಯ ತಲೆಯ ಸ್ಕ್ಯಾನ್ ಮಾಡಿದ್ರಲ್ಲ. ನೀನು ಡಬಲ್ ಶಿಫ್ಟಲ್ಲಿದ್ದೆ. ನಾನು ಮನೆಗೆ ಬಂದು ಉಪ್ಪು ಕಮ್ಮಿ ಮಾಡ್ಬೇಕಂತೆ ಅಂದೆ."

"ಹೌದು, ಹಾಗೇ ಅಂದೆ."

"ಡಾಕ್ಟರ್ ಹಾಗಂದಿರಲಿಲ್ಲ. ಮರೆವಿನ ಕಾಯಿಲೆ ಅಂದ್ರು. ಶುರುವಾಗಿದೆ, ನಿಧಾನಕ್ಕೆ ಜಾಸ್ತಿ ಆಗತ್ತೆ, ಅಮ್ಮನ್ನ ಕರ್ಕೊಂಡು ಬಾ ಅಂದ್ರು. ಅಜ್ಜಿ ಪಕ್ಕದಲ್ಲೇ ಕೂತು, ಏನಂತೆ ಏನಂತೆ ಅಂತ ಕೇಳ್ತಿದ್ದಳು. ನನ್ನ ಕೈಲಿ ಹೇಳೋಕಾಗ್ಲಿಲ್ಲ ಅಮ್ಮ. ಒಂದ್ಸಲ ಉಪ್ಪು ಅಂದ್ಮೇಲೆ ಆಮೇಲೆ ಹೆಂಗೆ ಬದಲಾಯಿಸೋದು? ದಿನಾ ರಾತ್ರಿ ಬಿ.ಪಿ. ಗುಳಿಗೆ ಅಂತ ಕೊಡೋದು ಮರೆವಿನ ಗುಳಿಗೇನೆ. ಇನ್ನೆರಡು ವರ್ಷದೊಳಗೆ ಅಜ್ಜಿಗೆ ಆಶ್ರಮ ಬೇಕಾಗತ್ತೆ ಅಂತ ನಂಗೊಬ್ಬಳಿಗೇ ಗೊತ್ತಿತ್ತು. ಅದಕ್ಕೇ ಕಾಗದ ಬೇಡ ಅಂದೆ. ನಾನು ಓದೋಕೆ ಹೋಗಿ ಅಜ್ಜಿಯ ಮನೆ ಹೋಗ್ಬಾರ್ದು ಅಂತ."

ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಇಡಾಲಿನಾಗೆ ಅಳುವುದಕ್ಕೂ ಆಗಲಿಲ್ಲ. ಹದಿನೈದು ವರ್ಷದ ಮಗುವನ್ನು ಡಾಕ್ಟರನೆದುರಿನ ಕುರ್ಚಿಯಲ್ಲಿ ಕೂರಿಸಿದವಳು ತಾನು. ಒಂದು ದಿನದ ಕೂಲಿ ಉಳಿಸಲು ಕೂರಿಸಿದ್ದಳು. ಎರಡು ವರ್ಷ ಆ ಮಗು ಇದನ್ನು ಹೊತ್ತುಕೊಂಡು ಪರೀಕ್ಷೆ ಬರೆದಿದೆ, ಸಾರಿಗೆ ನೀರು ಬೆರೆಸಿದೆ, ಗುಳಿಗೆ ಎಣಿಸಿದೆ.

ದಿಯೊಲಿಂದಾ ಓಲೆಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟಳು.

"ಅದು ನನ್ನ ಸುದ್ದಿ," ಅಂದಳು. "ನಂದು. ನನ್ನ ತಲೆ, ನನ್ನ ಕಾಯಿಲೆ. ಎರಡು ವರ್ಷ ನೀನು ಇಟ್ಕೊಂಡೆ. ಗೊತ್ತಿದ್ರೆ ಊರಿಗೆ ಹೋಗಿ ತಂಗಿಯನ್ನ ನೋಡ್ಕೊಂಡು ಬರ್ತಿದ್ದೆ. ಮುಖ ನೆನಪಿರೋವಾಗ್ಲೇ."

"ಅಜ್ಜಿ, ನಾನು—"

"ಇನ್ಮೇಲೆ ನಿನ್ನ ಬಾಯಿ ನಂಗೆ ಬೇಡ."

ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಮಾರನೆಯ ವಾರ ಇಡಾಲಿನಾ ರಜೆ ಹಾಕಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರನ ಒಂದೊಂದು ಮಾತನ್ನೂ ನಿಲ್ಲಿಸಿ, ಮತ್ತೆ ಕೇಳಿ, ಗೊತ್ತಾಗದ ಕಡೆ ಫೋನಿನ ದುಭಾಷಿಯನ್ನು ಕರೆಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇನ್ನೊಂದು ವರ್ಷ ಪರವಾಗಿಲ್ಲ. ಆಮೇಲೆ ದಿನ ವಾರ ತಪ್ಪುತ್ತದೆ. ಆಮೇಲೆ ಮುಖಗಳು.

"ನಿನ್ನ ಮುಖನೂ?" ಅಂದಳು ದಿಯೊಲಿಂದಾ.

"ನನ್ನದೂ ಅಮ್ಮ."

"ಹೂಂ. ಹೀಗೆ ಹೇಳ್ಬೇಕು," ಅಂದು ಕೈಚೀಲ ಎತ್ತಿಕೊಂಡಳು.

ಸುದ್ದಿ ಕೇಳಿ ಟಿಬೇರಿಯೊ ಮೆಟ್ಟಿಲ ಮೇಲೆಯೇ ಕುಸಿದು ಕೂತ. ಮೊದಲು ಮಾರಿಸಾಳನ್ನು ಬೈದ, ಆಮೇಲೆ ಇಡಾಲಿನಾಳನ್ನು, ಆಮೇಲೆ ಪಾಶೆಕೊನನ್ನು. ಬೈಯಲು ಇನ್ಯಾರೂ ಸಿಗದೆ ಹೋದಾಗ ಅತ್ತ. "ಮನೆ ಹೋಯ್ತು ಅಂದ್ಕೋ," ಅಂದ.

"ಹೋದ್ರೆ ಹೋಗ್ಲಿ. ಅಮ್ಮನ್ನ ಆಶ್ರಮಕ್ಕೆ ಕಳಿಸೋದು ಆದಷ್ಟು ತಡ ಆಗ್ಲಿ. ಬೆಳಗ್ಗೆ ನಾಲ್ಕೂವರೆಗೆ ನಾನು ಕೆಲಸಕ್ಕೆ ಹೋಗ್ತೀನಿ. ಎರಡು ಗಂಟೆ ತನಕ ಯಾರು ನೋಡ್ಕೋತಾರೆ?"

ಅವನು ಕಣ್ಣೊರೆಸಿಕೊಂಡ. "ನಾನೇನು ಸತ್ತಿದೀನಾ? ಕೆಳಗೇ ಇದೀನಲ್ಲ."

ಅಜ್ಜಿಯ ಕಾಗದ ಹೋಯಿತು. ಬರೆದದ್ದು ಮಾರಿಸಾ. ಆದರೆ ಅಜ್ಜಿ ಅದನ್ನು ಇಡಾಲಿನಾಳಿಂದ ಮೂರು ಸಲ ಓದಿಸಿ, ಪ್ರತಿ ಮಾತೂ ತನ್ನದೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸಹಿ ಹಾಕಿದಳು. ಏಪ್ರಿಲ್ ಇಪ್ಪತ್ತೆಂಟಕ್ಕೆ ಉತ್ತರ ಬಂತು. ಮನೆಯನ್ನು ಲೆಕ್ಕದಿಂದ ತೆಗೆದಿದ್ದರು. ಮನೆಯವರು ಕೊಡತಕ್ಕದ್ದು ವರ್ಷಕ್ಕೆ ಐದು ಸಾವಿರದ ನಾನೂರು. ಇಡಾಲಿನಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಯಾರೂ ಕುಣಿಯಲಿಲ್ಲ.

"ನಾನು ಹೋಗಲ್ಲ," ಅಂದಳು ಮಾರಿಸಾ. ಎರಡು ವಾರದಿಂದ ಅಜ್ಜಿ ಅವಳೊಡನೆ ಊಟ ಬಡಿಸುವಾಗಷ್ಟೇ ಮಾತಾಡಿದ್ದಳು. "ಅಜ್ಜಿಗೆ ಹೀಗಿರೋವಾಗ ಹೆಂಗೆ ಹೋಗ್ಲಿ? ವಾಪಸ್ ಬರೋವಷ್ಟ್ರಲ್ಲಿ ನಾನು ಯಾರು ಅಂತಾನೇ..."

ದಿಯೊಲಿಂದಾ ಬಟಾಣಿ ಬಿಡಿಸುತ್ತಿದ್ದವಳು ಕೈ ಒರೆಸಿಕೊಂಡು, ಮೊಮ್ಮಗಳ ಗದ್ದ ಹಿಡಿದು ಮುಖ ಎತ್ತಿದಳು.

"ಬಾ ಇಲ್ಲಿ. ನನಗಿನ್ನೂ ಸಿಟ್ಟು ಹೋಗಿಲ್ಲ, ತಿಳ್ಕೋ. ಮರೆತ್ಮೇಲೆ ಹೋಗತ್ತೆ." ಹುಡುಗಿ ನಗಲೋ ಅಳಲೋ ತಿಳಿಯದೆ ನಿಂತಳು. "ನೀನು ಇಲ್ಲಿದ್ರೂ ನಾನು ಮರೀತೀನಿ, ಅಲ್ಲಿದ್ರೂ ಮರೀತೀನಿ. ಅಲ್ಲಿದ್ರೆ ನೀನಾದ್ರೂ ಓದ್ತೀಯ. ಇಡಾ, ನೀನು ಕೇಳು. ಇವಳೆಲ್ಲಿ ಅಂತ ನಾನು ಕೇಳ್ತೀನಿ. ಅಂಗಡಿಗೆ ಹೋಗಿದಾಳೆ, ಈಗ ಬರ್ತಾಳೆ ಅಂತ ನನಗೆ ಹೇಳ್ಬೇಡ. ಕಾಲೇಜಿಗೆ ಹೋಗಿದಾಳೆ ಅಂತ ನಿಜ ಹೇಳು. ದಿನಕ್ಕೆ ಹತ್ತು ಸಲ ಕೇಳಿದ್ರೆ ಹತ್ತು ಸಲ ಹೇಳು. ಬೇಜಾರು ಮಾಡ್ಕೋಬೇಡ."

"ಹೇಳ್ತೀನಿ ಅಮ್ಮ."

"ನಂಗೇನು ನಷ್ಟ? ಹತ್ತು ಸಲನೂ ಖುಷಿ ಪಡ್ತೀನಿ."

ಆಗಸ್ಟಿನ ಕೊನೆಗೆ ಮಾರಿಸಾ ಹೋದಳು. ಡಾಕ್ಟರು ಪರವಾಗಿಲ್ಲ ಅಂದಿದ್ದ ಒಂದು ವರ್ಷ ಪೂರ್ತಿ ನಡೆಯಲಿಲ್ಲ, ಅಜ್ಜಿಯ ಮರೆವು ಬೇಗನೆ ಏರಿತು.

ನವೆಂಬರಿನ ಒಂದು ಮಧ್ಯಾಹ್ನ ಇಡಾಲಿನಾ ಕೆಲಸದಿಂದ ಬಂದು ಆಲೂಗಡ್ಡೆ ಸುಲಿಯಲು ಕೂತಿದ್ದಳು. ಟಿಬೇರಿಯೊ ಅಮ್ಮನನ್ನು ಒಪ್ಪಿಸಿ ಆಗಷ್ಟೇ ಕೆಳಗಿಳಿದಿದ್ದ. ದಿಯೊಲಿಂದಾ ಎದುರಿನ ಕುರ್ಚಿಯಲ್ಲಿ ಕೂತು ಬಾಗಿಲ ಕಡೆ ನೋಡಿದಳು.

"ಹುಡುಗಿ ಇನ್ನೂ ಬಂದಿಲ್ವಲ್ಲ. ಶಾಲೆ ಬಿಟ್ಟಿರ್ಬೇಕು."

ಮೂರು ಗಂಟೆ ಹೊಡೆಯುವುದರೊಳಗೆ ಅದು ನಾಲ್ಕನೆಯ ಸಲ. ಇಡಾಲಿನಾಗೆ ನಿದ್ದೆಯಿರಲಿಲ್ಲ, ಬೆರಳು ಚಳಿಗೆ ಸೆಟೆದಿದ್ದವು. ಈಗ ಬರ್ತಾಳೆ ಅಮ್ಮ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಚಾಕು ಕೆಳಗಿಟ್ಟಳು.

"ಅವಳು ಶಾಲೇಲಿಲ್ಲ ಅಮ್ಮ. ದೊಡ್ಡ ಕಾಲೇಜಿಗೆ ಹೋಗಿದಾಳೆ. ಅಲ್ಲೇ ಇದಾಳೆ, ಕ್ರಿಸ್ಮಸ್ಸಿಗೆ ಬರ್ತಾಳೆ."

"ದೊಡ್ಡ ಕಾಲೇಜಿಗಾ!" ಮುದುಕಿಯ ಕಣ್ಣು ಅರಳಿದವು. "ನಮ್ಮ ಮಾರಿಸಾನಾ? ನಿಜವಾಗ್ಲೂ?"

"ನಿಜವಾಗ್ಲೂ."

"ಅಯ್ಯೋ ದೇವರೇ! ಅಷ್ಟೊಂದು ದುಡ್ಡು ಎಲ್ಲಿಂದ ಬಂತು ನಮಗೆ?"

"ನೀನು ಅವರನ್ನ ಕೇಳಿದೆ. ಅವರು ಕೊಟ್ರು."

"ನಾನಾ? ನಾನು ಕೇಳಿದ್ನಾ?" ದಿಯೊಲಿಂದಾ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಹೇಳು ಹೇಳು, ಏನಂತ ಕೇಳ್ದೆ?"

ಇಡಾಲಿನಾ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಮೊದಲಿನಿಂದ ಹೇಳತೊಡಗಿದಳು.